ದುಂಬಿಯ ತೊಟ್ಟಿ

ಟಿಕೆಟ್ ಕೊಂಡು ಹುಳುಗಳ ಮನೆ ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಕಾಡಿನ ನೀಲಿ ಚಿಟ್ಟೆಯನ್ನೇ. ಅದನ್ನು ಸಾಕುವವಳು ಕಿರಿಸೊಸೆ. ಹಿರಿಸೊಸೆಯ ಪಾಲಿಗೆ ಬಂದದ್ದು ಹಿಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ ಕೊಂಬಿನ ದುಂಬಿಗಳು. ಕೊಳೆತ ಮರದ ಪುಡಿ ತುಂಬಿದ ತೊಟ್ಟಿಯಲ್ಲಿ ಅವುಗಳ ಮರಿಗಳಾದ, ಹೆಬ್ಬೆರಳಿಗಿಂತ ದಪ್ಪನೆಯ ಗೊಣ್ಣೆಹುಳುಗಳನ್ನು ಆಕೆ ಎರಡು ಮಳೆಗಾಲ ಸಾಕಿದ್ದಳು. ಈಗ ಅವು ಪುಡಿಯೊಳಗೇ ಗೂಡು ಕಟ್ಟಿಕೊಂಡು ಮಲಗಿದ್ದವು. ತೊಟ್ಟಿ ಎತ್ತಾಡಿದರೆ ಗೂಡು ಒಡೆಯುತ್ತದೆ. ಒಡೆದ ಗೂಡಿನಿಂದ ನೆಟ್ಟಗಿನ ದುಂಬಿ ಹೊರಬರುವುದಿಲ್ಲ.

"ತೊಟ್ಟಿ ಇವತ್ತು ಗೊಬ್ಬರದ ಗುಂಡಿಗೆ. ಈ ಕೋಣೇಲೂ ಚಿಟ್ಟೆ ಬಿಡೋಣ," ಎಂದರು ಮಾವ. "ಟಿಕೆಟ್ ತಗೊಂಡು ಬಂದೋರು ಈ ಕರಿ ಗುಂಡುಕಲ್ಲು ನೋಡ್ತಾರಾ?"

ಗುಂಡುಕಲ್ಲು ಎನ್ನುವುದು ಮದುವೆಯಾದ ವಾರದಲ್ಲೇ ಅವರು ಹಿರಿಸೊಸೆಗೆ ಇಟ್ಟ ಹೆಸರು.

"ಚಿಟ್ಟೆ ತಾನೆ ಏನು ತೋರ್ಸುತ್ತೆ ಮಾವ? ಕೂತ್ರೆ ರೆಕ್ಕೆ ಮಡಚುತ್ತೆ, ನೋಡಿದ್ರೆ ಒಣಗಿದೆಲೆ. ನೀವು ಗಾಜು ತಟ್ತೀರ, ಅದು ಹೆದರಿ ಹಾರುತ್ತೆ, ಆಗ ನೀಲಿ. ದಿನಾ ಹೆದರಿ ಹೆದರಿ ರೆಕ್ಕೆಯೆಲ್ಲ ಚಿಂದಿ. ನನ್ನ ದುಂಬಿ ಗಾಜು ತಟ್ಟಿ ನೋಡಿ, ಕೊಂಬು ಕೊಟ್ಟು ನಿಲ್ಲುತ್ತೆ."

"ನೀನೂ ಹಾಗೇ."

"ಹೂಂ. ಹಾಗೇ."

ಮಾವ ಹಿರಿಮಗನನ್ನು ಕೂಗಿ ತೊಟ್ಟಿಯ ಒಂದು ತುದಿ ಹಿಡಿಯಲು ಹೇಳಿ, ಇನ್ನೊಂದು ತುದಿಗೆ ತಾವೇ ಕೈಹಾಕಿದರು. ಆಕೆ ಕೈ ಕೊಡವಿಕೊಂಡು, ಒಳಗಿನ ಗೂಡು ಅಲುಗದಂತೆ, ಹಲಗೆಯ ಮುಚ್ಚಳದ ಮೇಲೆ ಮೆಲ್ಲಗೆ ಕುಳಿತಳು.

"ಎತ್ತೋದಾದ್ರೆ ನನ್ನನ್ನೂ ಸೇರಿಸಿ ಎತ್ತಿ. ಸೊಂಟ ಜೋಪಾನ."

ಗಂಡ ಅಪ್ಪನ ಮುಖ ನೋಡಿದ, ಹೆಂಡತಿಯ ಗಾತ್ರ ನೋಡಿದ, ಕೈಬಿಟ್ಟ.

ಅಷ್ಟರಲ್ಲಿ ಕಿರಿಸೊಸೆ ಕೊಳೆತ ಬಾಳೆಹಣ್ಣಿನ ತಟ್ಟೆ ಹಿಡಿದು ಬಂದಳು. ಚಿಟ್ಟೆಗೂ ದುಂಬಿಗೂ ಅದೇ ಊಟ, ಒಂದೇ ತಟ್ಟೆಯಿಂದ.

"ಬಾಮ್ಮ, ನಿನಗೇ ಅಂತ ಕೋಣೆ ಖಾಲಿ ಮಾಡಿಸ್ತಿದೀನಿ. ನಿಮ್ಮಕ್ಕನಿಗೆ ಬುದ್ಧಿ ಹೇಳು," ಎಂದರು ಮಾವ.

ಅವಳು ತಟ್ಟೆಯನ್ನು ಕಿಟಕಿಯಲ್ಲಿಟ್ಟಳು.

"ಅಕ್ಕ, ಸ್ವಲ್ಪ ಜರುಗು."

"ಯಾಕೆ?"

"ಕೂರೋಕೆ. ಮಾವ, ನನಗೆ ಈ ಕೋಣೆ ಬೇಡ. ಗಾಜು ತಟ್ಟೋದೂ ಇವತ್ತಿಗೆ ನಿಲ್ಲಲಿ."

ಹಿರಿಯವಳು ಜರುಗಿ ಜಾಗ ಕೊಟ್ಟಳು. "ಗುಬ್ಬಚ್ಚಿ ಹಂಗಿದೀಯ, ನೀನು ಕೂತ್ರೆ ತೊಟ್ಟಿಗೆ ಯಾವ ಭಾರ?"

"ಭಾರಕ್ಕೆ ನೀನಿದೀಯಲ್ಲ. ನಾನು ಚಂದಕ್ಕೆ."

ಮಾವ ಇನ್ನೊಂದು ತುದಿಯನ್ನು ಹಿಡಿದುಕೊಂಡೇ ಇದ್ದರು, ಯಾರಾದರೂ ಬಂದು ಕೈಹಾಕಲಿ ಎನ್ನುವಂತೆ. ಯಾರೂ ಬರಲಿಲ್ಲ.