ನಾಲ್ಕೆಳೆಯ ಜಡೆ

ನರಿನ್ ಊರಿನಲ್ಲಿ ಗೋರಿಕಲ್ಲಿನ ಮೇಲೆ ಸತ್ತವರ ಚಿತ್ರ ಕೆತ್ತುವವನು ನಾನು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಅಪ್ಪಂದಿರನ್ನು ಕರಿಕಲ್ಲಿಗೆ ಇಳಿಸಿದ್ದೇನೆ. ಎಲ್ಲರದೂ ಒಂದೇ ಗತ್ತು: ತಲೆಗೆ ಬಿಳಿ ಉಣ್ಣೆಯ ಟೋಪಿ, ಎದೆಗೆ ಪದಕ, ನೋಟ ನೇರ. ಮಕ್ಕಳನ್ನು ಹೆಗಲಮೇಲೆ ಹೊತ್ತು ಕುಣಿದವನೂ ಕಲ್ಲಿಗೇರಿದ ಮೇಲೆ ಸುಂಕದ ಅಧಿಕಾರಿಯಾಗಿಬಿಡುತ್ತಾನೆ.

ಆ ಗತ್ತಿಗೇ ನನ್ನ ಕೈ ಪಳಗಿತ್ತು; ಅಪ್ಪನ ಕಲ್ಲು ಮಾಡಿಸಲು ಬಂದ ಝಿಪಾರ್ ಕೇಳಿದ್ದಕ್ಕೆ ನನಗೆ ರೇಗಿತು.

"ಅಣ್ಣಾ, ಅಪ್ಪ ನನಗೆ ಜಡೆ ಹಾಕ್ತಿರೋ ಹಾಗೆ ಕೆತ್ತಿಕೊಡಿ."

"ಗಂಡಸಿನ ಕೈಲಿ ಬಾಚಣಿಗೆನಾ?"

"ಕೈಲಲ್ಲ, ಬಾಯಲ್ಲಿ. ಎರಡೂ ಕೈ ಕೂದಲಲ್ಲಿ ಇರ್ತಿತ್ತಲ್ಲ, ಅದಕ್ಕೆ ಹಲ್ಲಲ್ಲಿ ಕಚ್ಕೊಳ್ತಿದ್ದ."

ಅವಳ ಅಪ್ಪ ಬೈಸಾಲ್ ಕುದುರೆ ಕಾಯುವವನು. ಹೆಂಡತಿ ತೀರಿಕೊಂಡಾಗ ಮೂರು ಪುಟ್ಟ ಹುಡುಗಿಯರು ಅವನ ಪಾಲಿಗೆ ಉಳಿದಿದ್ದರು.

"ಊರು ನಗುತ್ತೆ ಕಣಮ್ಮ."

"ಆಗಲೂ ನಗ್ತಿತ್ತು. ಅಪ್ಪ ಜಡೆ ಹಾಕೋದು ಬಿಟ್ನಾ?"

ಬೈಸಾಲ್ ಸತ್ತು ವರ್ಷ ತುಂಬಿದ ನೆನಪಿನ ಊಟಕ್ಕೆ ಐದೇ ದಿನವಿತ್ತು. ಅಷ್ಟರಲ್ಲಿ ಕಲ್ಲು ನಿಲ್ಲಬೇಕು. ಮನೆತನದ ಹಿರಿಯ, ಅವಳ ದೊಡ್ಡಪ್ಪ ಕೆರಿಮ್ ಒಪ್ಪದಿದ್ದರೆ ಅದು ಸ್ಮಶಾನದೊಳಗೆ ಹೋಗುವುದಿಲ್ಲ. ಕೆತ್ತಿದ್ದನ್ನು ಅಳಿಸಲೂ ಆಗುವುದಿಲ್ಲ. ಇದೆಲ್ಲ ಹೇಳಿ ಬೈದೆ. ಅವಳು ಜಗ್ಗಲಿಲ್ಲ.

ಕೊನೆಗೆ ನಾನೇ ಸೋತೆ; ಎರಡು ದಿನದಲ್ಲಿ ಅಪ್ಪನ ಮುಖ, ಬಾಚಣಿಗೆ ಮುಗಿದವು. ಬದುಕಿರುವವರ ಮುಖವನ್ನು ಗೋರಿಕಲ್ಲಿಗೆ ಏರಿಸುವುದಿಲ್ಲ. ಅದಕ್ಕೇ ಚಿತ್ರದಲ್ಲಿ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿ ಮುಖ ಆಚೆ ತಿರುಗಿಸಿದೆ. ಕೈ, ಜಡೆ ಎರಡನ್ನೂ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ.

"ಇದು ನಮ್ಮಪ್ಪನ ಜಡೆ ಅಲ್ಲ," ಎಂದಳು.

"ಜಡೆ ಅಂದ್ರೆ ಮೂರೆಳೆ! ನಮ್ಮವ್ವಂಗೂ ಹಾಗೇ ಇತ್ತು, ನನ್ನ ಹೆಂಡ್ತಿಗೂ ಹಾಗೇ ಇದೆ. ನಿನಗೇನು ಕೊಂಬಿದೆಯಾ?"

ಅವಳು ತಲೆವಸ್ತ್ರ ಬಿಚ್ಚಿ, ಕೂದಲನ್ನು ಹೆಗಲಿಂದ ಮುಂದಕ್ಕೆಳೆದು ನಾಲ್ಕು ಪಾಲು ಮಾಡಿ ಹೆಣೆದಳು. ಹಗ್ಗದಂತೆ ದುಂಡಗೆ, ಬಿಗಿಯಾಗಿ ಬಂತು.

"ಅಪ್ಪನಿಗೆ ಚಾಟಿ ಹೆಣೆಯೋದು ಬಿಟ್ರೆ ಬೇರೆ ಗೊತ್ತಿರಲಿಲ್ಲ. ಅದನ್ನೇ ನಮ್ಮ ತಲೆ ಮೇಲೆ ಹೆಣೆದ. ಶಾಲೇಲಿ 'ಚಾಟಿಗಳು ಬಂದ್ವು' ಅಂತಿದ್ರು. ಜಡೆ ಸಂಜೆವರೆಗೂ ಒಂದು ಕೂದಲೂ ಬಿಡ್ತಿರಲಿಲ್ಲ. ಆ ಬಿಗಿಗೆ ನಮ್ಮ ಹುಬ್ಬು ಮಾತ್ರ ಹಣೆಗೆ ಏರ್ತಿತ್ತು!"

ಅವಳು ನಕ್ಕಳು. ನನಗೂ ನಗು ಬಂತು. ಸೀಮೆಸುಣ್ಣ ಒರೆಸಿ ಮತ್ತೆ ಬರೆದೆ. ಹೆಬ್ಬೆರಳು ಎಳೆಯನ್ನು ಎಲ್ಲಿ ಒತ್ತುತ್ತಿತ್ತು, ಕಿರುಬೆರಳು ಎಲ್ಲಿ ತಡೆಯುತ್ತಿತ್ತು ಎಂದು ಅವಳು ತೋರಿಸಿದಳು; ಹಾಗೆಯೇ ಕೆತ್ತಿದೆ. ಕಾಡುಕುದುರೆಯನ್ನು ಬಗ್ಗಿಸಿದ ಬೆರಳುಗಳು ಅವು. ಅಪ್ಪನಾದವನ ಪದಕಗಳನ್ನು ಎಣಿಸಿ ಹೇಳಿದವರು ಬಹಳ ಮಂದಿ. ಹೆಬ್ಬೆರಳಿನ ಬಗ್ಗೆ ಹೇಳಿದವಳು ಇವಳೊಬ್ಬಳೇ. ನೋಡುವವರ ಕಡೆಗಲ್ಲದೆ ಕೆಳಗೆ ಕೂದಲಿನ ಕಡೆಗೆ ತಿರುಗಿದ ಅಪ್ಪನ ಕಣ್ಣನ್ನೂ ನಾನು ಕೆತ್ತಿದ್ದು ಅದೇ ಮೊದಲು. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಮತ್ತೊಂದಾಗಿಲ್ಲ.

ಊಟದ ಹಿಂದಿನ ದಿನ ಕೆರಿಮ್ ಕುದುರೆಯಿಂದಿಳಿದು ಚಾಟಿ ಹಿಡಿದೇ ಒಳಗೆ ಬಂದ.

"ಏನಯ್ಯಾ ಇದು? ನನ್ನ ತಮ್ಮನ್ನ ಹೆಂಗಸು ಮಾಡಿದ್ದೀಯ! ಒಡೆದುಹಾಕು."

ಝಿಪಾರ್ ಅಡ್ಡ ಬಂದಳು. ಕಲ್ಲಿನ ಅಂಚನ್ನು ಹಿಡಿದು ನಿಂತಳು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಕೈಲಿರೋದನ್ನ ಹೆಣೆದೋರು ಯಾರು?"

"ಅವನೇ. ಇಪ್ಪತ್ತು ವರ್ಷ ಆಯ್ತು, ಒಂದೆಳೆ ಬಿಟ್ಟಿಲ್ಲ," ಎಂದ ಮುದುಕ ಹೆಮ್ಮೆಯಿಂದ.

"ಅದನ್ನ ಕಲ್ಲಿಗೆ ಹಿಡಿದು ನೋಡಿ, ಆಮೇಲೆ ಒಡೆಯೋ ಮಾತಾಡಿ!"

ಹಿಡಿದ. ಚಾಟಿಯ ಮೇಲೆ ಬೆರಳಾಡಿಸಿದ, ಆಮೇಲೆ ಕಲ್ಲಿನ ಜಡೆಯ ಮೇಲೆ, ಮತ್ತೆ ಚಾಟಿಯ ಮೇಲೆ.

"ತಲೆ ನೋಯ್ತಿರಲಿಲ್ವೇನೇ, ಹುಡುಗಿ?"

"ಮೊದಲ ವರ್ಷ ನೋಯ್ತಿತ್ತು, ದೊಡ್ಡಪ್ಪ. ಆಮೇಲೆ ಅವನೇ ಕಲ್ತ."

ಮುದುಕ ನನ್ನ ಕಡೆ ತಿರುಗಿದ. "ಟೋಪಿ ಎಲ್ಲಿ? ಟೋಪಿ ಇಲ್ದೆ ಅವನನ್ನ ಊರಿಗೆ ತೋರಿಸ್ತೀಯಾ?"

"ಜಡೆ ಹಾಕುವಾಗ ಟೋಪೀನ ನಮ್ಮ ಮಡಿಲಲ್ಲಿ ಇಡ್ತಿದ್ದ," ಎಂದಳು ಝಿಪಾರ್. "ಅದು ನೆಲಕ್ಕೆ ಬಿದ್ರೆ ಅಪ್ಪಂಗೆ ಅವಮಾನ ಅಂತ ನಾವು ಉಸಿರು ಬಿಗಿಹಿಡಿದು ಅಲ್ಲಾಡದೆ ಕೂತಿರ್ತಿದ್ವಿ."

"ಕಳ್ಳ! ಕುದುರೆಮರೀನೂ ಹೀಗೇ ಏನಾದ್ರೂ ಮಾಡಿ ನಿಲ್ಲಿಸ್ತಿದ್ದ," ಎಂದ ಕೆರಿಮ್. "ಮಡಿಲಲ್ಲೇ ಇಡಯ್ಯಾ. ಚೆನ್ನಾಗಿ ಬಿಳಿ ಬರಲಿ."

ಅವನು ಹೋಗುವವರೆಗೂ ಕಾಯದೆ ನಾನು ಉಳಿ ತೆಗೆದುಕೊಂಡೆ.