ಹೊನ್ನಕಟ್ಟೆ ಸ್ಟೇಷನ್ನಿನ ಆ ಬೆಳಿಗ್ಗೆ

"ಸ್ಟೇಷನ್ ಉಳಿಸೋಕೆ ಓಡಾಡಿದ್ದು ನೀವೇ ಅಂತಲ್ವಾ ಸಾರ್, ಹೇಳಿ," ಎಂದು ರಾಜಶೇಖರ್ ಮೊಬೈಲನ್ನು ಮರುಳಪ್ಪನವರ ಮುಂದೆ ಹಿಡಿದ. ಅರಸೀಕೆರೆಯ ಕಾಲೇಜಿನಲ್ಲಿ ಪಾಠ ಹೇಳುವ ಅವನು ಹೊನ್ನಕಟ್ಟೆ ಸ್ಟೇಷನ್ನಿನ ಚರಿತ್ರೆ ಬರೆಯಲು ಹೊರಟಿದ್ದ. ಹನ್ನೆರಡು ವರ್ಷದಿಂದ ಬೀಗ ಬಿದ್ದಿರುವ ಆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೇ ಮೂವರೂ ಕೂತಿದ್ದರು.

ಮರುಳಪ್ಪ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ದ್ಯಾವಯ್ಯ ಶುರುಮಾಡಿದ. ಈ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತು ವರ್ಷ ಸೌತೆಕಾಯಿ ಮಾರಿದವನು. ಸ್ಟೇಷನ್ ಮುಚ್ಚಿದ ಮೇಲೆ ಬುಟ್ಟಿ ಹೊತ್ತು ಬಾಣಾವರ ಸ್ಟೇಷನ್ನಿನವರೆಗೆ ನಡೆಯುತ್ತಾನೆ. "ಯಜಮಾನ್ರು ಮೈಸೂರು ರೈಲ್ವೆ ಆಫೀಸುಗಂಟ ಅರ್ಜಿ ಹಿಡ್ಕಂಡು ಹೋಗಿದ್ರು ಸ್ವಾಮಿ. ಇವರಂಗೆ ಇನ್ಯಾರೂ ಮಾಡ್ಲಿಲ್ಲ."

ಅರ್ಜಿ ಕೊಟ್ಟದ್ದು ನಿಜ. ಜನವಿಲ್ಲವೆಂದು ಮುಚ್ಚಲು ಹೊರಟಿದ್ದ ಸ್ಟೇಷನ್ನಿನಲ್ಲಿ ರೈಲು ಹತ್ತುವವರು ಎಷ್ಟು ಮಂದಿ ಎಂದು ನೋಡಲು ಅಧಿಕಾರಿಯೊಬ್ಬರು ಬರುವಂತಾದದ್ದೂ ಅದರಿಂದಲೇ. ಅವರು ಬರುವ ಬೆಳಿಗ್ಗೆ ಊರಿನವರನ್ನೆಲ್ಲ ಪ್ಲಾಟ್‌ಫಾರ್ಮಿಗೆ ಕರೆತರುವ ಹೊಣೆಯನ್ನು ಮರುಳಪ್ಪನವರೇ ಹೊತ್ತಿದ್ದರು.

ಈಗ ಸುಮ್ಮನೆ ಹೂಂ ಅಂದರೆ ಮುಗಿಯುತ್ತಿತ್ತು. ಇಷ್ಟು ವರ್ಷ ಹಾಗೇ ಮುಗಿಸಿದ್ದರು.

"ಬರ್ಕೊಳ್ಳಪ್ಪ," ಎಂದರು. "ಹಿಂದಿನ ದಿನವಷ್ಟೇ ಹೊಸ ಟೆಂಪೋ ತಂದಿದ್ದೆ. ಆವತ್ತು ಬೆಳಿಗ್ಗೆ ಅದರಲ್ಲೇ ಅರಸೀಕೆರೆಗೆ ಅಂತ ಹೊರಟೆ. ಸ್ಟೇಷನ್ನಿಗೆ ಹೋಗ್ತಿದ್ದವರನ್ನ ನಾನೇ ಕೂಗಿ ಕೂಗಿ ಹತ್ತಿಸ್ಕೊಂಡೆ. ನನ್ನ ಗಾಡೀಲಿ ಊರೆಲ್ಲ ಕೂತಿದ್ದು ನೋಡ್ಬೇಕು ಅನ್ನೋ ಚಪಲ. ಅಧಿಕಾರಿ ಬರೋದು ಮರೆತಿರ್ಲಿಲ್ಲ. ಇನ್ಯಾರಾದ್ರೂ ಹೋಗ್ತಾರೆ ಬಿಡು ಅಂದ್ಕೊಂಡೆ."

ದ್ಯಾವಯ್ಯನ ಕಡೆ ತಿರುಗಿದರು. "ನಿನ್ನ ಅನ್ನ ಕಿತ್ತಿದ್ದು ನಾನೇ ಕಣೋ."

"ಗೊತ್ತು ಯಜಮಾನ್ರೆ," ಎಂದ ದ್ಯಾವಯ್ಯ. "ಆವತ್ತು ರೈಲು ಬತ್ತೈತೆ ಅಂತ ಸ್ಟೇಷನ್ ಪಕ್ಕದ ರಸ್ತೆ ಗೇಟ್ ಹಾಕಿದ್ರು. ನಿಮ್ ಟೆಂಪೋ ಅಲ್ಲೇ ನಿಂತಿತ್ತು, ತುಂಬ ಜನ. ಇಲ್ಲಿ ನಾನೂ ಆ ಆಫೀಸರೂ ಇಬ್ರೇ. ಬನ್ರೋ ಅಂತ ಕೈ ಬೀಸ್ದೆ. ನೀವೂ ನಗ್ತಾ ಕೈ ಬೀಸಿದ್ರಿ."

ಮರುಳಪ್ಪ ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡರು. "ಗೊತ್ತಿದ್ದೂ ಈಗ ನನ್ನ ಹೊಗಳಿದ್ಯಲ್ಲೋ?"

"ಇನ್ನೇನು ಹೇಳಾದು? ಆವತ್ತಿಂದ ನನ್ನ ಕಂಡ್ರೆ ಬೇರೆ ದಾರಿ ಹಿಡೀತಿದ್ರಿ, ಒಳಗೇ ಬೇಯ್ತಿದ್ದೀರಿ ಅಂತ ಗೊತ್ತಾಗ್ತಿತ್ತು. ಅರ್ಜಿ ಕೊಟ್ಟಿದ್ದೇನು ಸುಳ್ಳಲ್ಲವಲ್ಲ."

ರಾಜಶೇಖರ್ ಮೊಬೈಲನ್ನು ಮಡಿಲಿಗೆ ಇಳಿಸಿದ. "ಇದನ್ನ ಬರೀಲಾ ಸಾರ್?"

ಮರುಳಪ್ಪ ಹೂಂಗುಟ್ಟಿದರು. ಅಷ್ಟರಲ್ಲಿ ಬೆಂಗಳೂರಿನ ಕಡೆಯ ಎಕ್ಸ್‌ಪ್ರೆಸ್ಸೊಂದು ಅಬ್ಬರಿಸುತ್ತ ನಿಲ್ಲದೆ ಹಾದುಹೋಯಿತು. ಎದ್ದ ದೂಳಿಗೆ ಮೂವರೂ ಮುಖ ಮುಚ್ಚಿಕೊಂಡರು. ದೂಳು ಅಡಗಿತು, ಹಳಿಯ ಸದ್ದೂ ಅಡಗಿತು. ಮರುಳಪ್ಪ ಮಾತ್ರ ಮುಖದ ಮೇಲಿನ ಟವೆಲನ್ನು ತೆಗೆಯಲಿಲ್ಲ.