ಅತ್ತೆಯ ಕುರ್ಚಿಯಲ್ಲಿ ಮಾತ್ರ

ಸೊಸೆ ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಮನೆಮಂದಿಗೆಲ್ಲ ಹಿಡಿಸಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ಸೊಸೆಗೆ ಬೇಕಿದ್ದದ್ದೋ ಅವರ ಒಪ್ಪಿಗೆಯೇ. ಗಂಟಲಿನ ಆಪರೇಷನ್ ಆದಮೇಲೆ ಮಾವನ ದನಿ ಪಿಸುಮಾತಿಗಿಂತ ಮೇಲೇಳುತ್ತಿರಲಿಲ್ಲ. ಹಿಂದೆ ಅವರು ಹಾಡಿದ್ದ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು. ಆ ದನಿಯನ್ನು ಅತ್ತೆಗೆ ಮತ್ತೆ ಕೇಳಿಸಬೇಕೆಂದೇ ಅವಳು ಇಷ್ಟೆಲ್ಲ ಒದ್ದಾಡಿದ್ದು.

"ಹಾಡು ಅದೇ, ದನಿ ಮಾತ್ರ ಅವರದಲ್ಲ. ಬರೀ ಟೊಳ್ಳು," ಎಂದರು ಅತ್ತೆ, ಹಜಾರದ ನಡುವಿನ ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು.

"ಅಮ್ಮಂಗೆ ಕೊಂಕು ತೆಗೀದಿದ್ರೆ ಉಂಡಿದ್ದು ಅರಗಲ್ಲ," ಎಂದು ಗಂಡ ನಕ್ಕ. ಸೊಸೆಗೆ ನಗು ಬರಲಿಲ್ಲ. ಕೆಪಾಸಿಟರ್ ಬದಲಿಸಿದಳು, ರೆಸಿಸ್ಟರ್‌ಗಳ ಬಣ್ಣದ ಪಟ್ಟಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದಳು. ಮೇಜಿನ ಬಳಿ ನಿಂತು ಕೇಳಿದರೆ ಚೆನ್ನ, ಬಾಗಿಲಲ್ಲಿ ನಿಂತರೂ ಚೆನ್ನ.

ಆ ಕುರ್ಚಿಯಲ್ಲಿ ಅತ್ತೆಯಲ್ಲದೆ ಬೇರೆ ಯಾರೂ ಕೂರುತ್ತಿರಲಿಲ್ಲ. ಹಾಗಂತ ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಕೂರುವ ಧೈರ್ಯ ಬಂದಿರಲಿಲ್ಲ, ಅಷ್ಟೇ. ಕೊನೆಗೆ ಅತ್ತೆಯೇ ರೋಸಿಹೋಗಿ ಎದ್ದು, ಸೊಸೆಯ ರಟ್ಟೆ ಹಿಡಿದು ಅಲ್ಲಿ ಕೂರಿಸಿದರು.

"ಅಲ್ಲಿ ಇಲ್ಲಿ ನಿಂತ್ರೆ ಏನು ಗೊತ್ತಾಗತ್ತೆ? ಇಲ್ಲಿ ಕೂತು ಕೇಳು."

ಹಾಡು ಎಡದ ಸ್ಪೀಕರ್ ಪೆಟ್ಟಿಗೆಯಲ್ಲೂ ಇತ್ತು, ಬಲದ್ದರಲ್ಲೂ ಇತ್ತು. ನಡುವೆ ಏನೂ ಇರಲಿಲ್ಲ. ಅತ್ತೆ ಹೇಳಿದ್ದು ನೂರಕ್ಕೆ ನೂರು ನಿಜ. ಅವಳಿಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು, ತಪ್ಪು ಕೊನೆಗೂ ಕೈಗೆ ಸಿಕ್ಕಿತಲ್ಲ ಎಂದು.

ಪೆಟ್ಟಿಗೆಗಳ ಮುಂದಿನ ಬಟ್ಟೆ ತೆಗೆದು, ಸ್ಪೀಕರಿನ ತಂತಿಗಳಿಗೆ ಪೆನ್ಸಿಲ್ ಸೆಲ್ ಮುಟ್ಟಿಸಿದಳು. ಒಂದರ ಕಾಗದದ ಬಾಯಿ ಮುಂದಕ್ಕೆ ಉಬ್ಬಿತು, ಇನ್ನೊಂದರದು ಒಳಕ್ಕೆ ಸರಿಯಿತು. ಹಳೇ ಟಿವಿಯಿಂದ ಬಿಚ್ಚಿದ್ದ ಆ ಇನ್ನೊಂದರ ಪ್ಲಸ್-ಮೈನಸ್ ಗುರುತು ಅಳಿಸಿಹೋಗಿತ್ತು. ಅವಳು ಅಂದಾಜಿನ ಮೇಲೆ ತಂತಿ ಬೆಸೆದಿದ್ದಳು.

"ಅತ್ತೆ, ಒಂದು ತಳ್ಳುವಾಗ ಇನ್ನೊಂದು ಎಳೀತಿದೆ. ನಡುವೆ ದನಿ ಸತ್ತುಹೋಗ್ತಿದೆ."

"ನಾನೂ ನಿಮ್ಮ ಮಾವನೂ ಮಂಚ ಸರಿಸಿದ ಹಾಗೆ," ಎಂದರು ಅತ್ತೆ. ಎರಡು ಪೆಟ್ಟಿಗೆಗಳ ನಡುವೆ, ಕಿಟಕಿಯ ಕೆಳಗೆ ಕೂತಿದ್ದ ಮಾವ ಸದ್ದಿಲ್ಲದೆ ನಕ್ಕರು.

ಸೊಸೆ ತಂತಿ ಅದಲುಬದಲು ಮಾಡಿ ಕ್ಯಾಸೆಟ್ ಹಾಕಿದಳು. ಅತ್ತೆ ಕುರ್ಚಿಗೆ ಮರಳಿದರು. ಈ ಸಲ ದನಿ ತುಂಬಿಕೊಂಡು ಬಂತು. ಎಡದಿಂದಲ್ಲ, ಬಲದಿಂದಲ್ಲ, ನಟ್ಟನಡುವಿನಿಂದ, ಮಾವ ಕೂತಿದ್ದ ಜಾಗದಿಂದಲೇ. ಅತ್ತೆಯ ಕಣ್ಣು ತುಂಬಿತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಏನ್ರೀ, ಇಷ್ಟು ಚೆನ್ನಾಗಿ ಹಾಡೋರು ಇಷ್ಟು ದಿನ ಯಾಕೆ ಸುಮ್ನಿದ್ರಿ?"

ಮಾವ ನೆಟ್ಟಗೆ ಕೂತರು. ಗಂಟಲು ಸರಿಮಾಡಿಕೊಂಡವರಂತೆ ಮಾಡಿ, ಹೆಂಡತಿಯನ್ನೇ ನೋಡುತ್ತ, ಹಾಡಿಗೆ ಸರಿಯಾಗಿ ತುಟಿ ಆಡಿಸತೊಡಗಿದರು.